ಒಳಗೆ ಜಾಲರಿ ಇದೆ ಎಂದು ದೊಡ್ಡವ್ವನಿಗೆ ಯಾರೂ ಹೇಳಿರಲಿಲ್ಲ

ಈ ವಿಷಯ ಬರೆಯಬೇಕೋ ಬೇಡವೋ ಎಂದು ನಮ್ಮೊಳಗೇ ಎರಡು ವಾರ ಮಾತುಕತೆ ನಡೆಯಿತು. "ಊರಿನ ಹಿರಿಯರೂ ಓದ್ತಾರೆ, ಮುಜುಗರ ಆಗುತ್ತೆ" ಎಂದರು ಒಬ್ಬರು. "ಮುಜುಗರದಿಂದಲೇ ಅಲ್ವಾ ಇಷ್ಟೆಲ್ಲ ಆಗಿದ್ದು?" ಎಂದರು ಇನ್ನೊಬ್ಬರು. ಎರಡನೆಯವರ ಮಾತೇ ಗೆದ್ದಿತು. ಆದ್ದರಿಂದ ಬರೆಯುತ್ತಿದ್ದೇವೆ.

ಮುಜುಗರ ಅನ್ನಿಸಿದರೆ ಒಬ್ಬರೇ ಕೂತು ಓದಿ. ಓದಿದ ಮೇಲೆ ನಿಮ್ಮ ಅವ್ವನಿಗೆ, ಅತ್ತೆಗೆ, ಅಕ್ಕನಿಗೆ ಓದಿ ಹೇಳಿ. ಗಂಡಸರೂ ಓದಬೇಕು. ಆಸ್ಪತ್ರೆಗೆ ಕರೆದುಕೊಂಡು ಹೋಗುವವರು, ದುಡ್ಡು ಕಟ್ಟುವವರು, ಸಹಿ ಹಾಕುವವರು ನಮ್ಮ ಹಳ್ಳಿಗಳಲ್ಲಿ ಇವತ್ತಿಗೂ ಹೆಚ್ಚಾಗಿ ಅವರೇ.

ನಮ್ಮ ಗುಂಪಿನ ಒಬ್ಬರ ದೊಡ್ಡವ್ವ ಹೊಲದ ಕೆಲಸದಲ್ಲಿ ಗಟ್ಟಿಗಿತ್ತಿ. ಹೆಸರು, ಊರು ಬರೆಯುವುದಿಲ್ಲ ಎಂದು ಮಾತು ಕೊಟ್ಟ ಮೇಲೆಯೇ ಅವರು ಬರೆಯಲು ಒಪ್ಪಿದ್ದು. ಮೂವತ್ತೈದು ತುಂಬುವ ಮೊದಲೇ ಬಿಳಿ ಹೋಗುತ್ತದೆ, ಸೊಂಟ ನೋವು ಎಂದು ಆಸ್ಪತ್ರೆಗೆ ಹೋದಾಗ ಅವರ ಗರ್ಭಕೋಶವನ್ನೇ ತೆಗೆದುಹಾಕಿದ್ದರು. ಇಪ್ಪತ್ತು ವರ್ಷದ ಮೇಲೆ ಕೆಳಗೆ ಏನೋ ಜಾರಿ ಬರುತ್ತಿದೆ ಎಂದು ಅನ್ನಿಸತೊಡಗಿತು. ಕೂತರೆ ನಿಂಬೆಹಣ್ಣಿನ ಮೇಲೆ ಕೂತ ಹಾಗೆ, ಹುಲ್ಲಿನ ಹೊರೆ ಹೊತ್ತರೆ ಪೂರಾ ಹೊರಗೆ. ನಾಲ್ಕು ವರ್ಷ ಬಟ್ಟೆ ಕಟ್ಟಿಕೊಂಡೇ ದುಡಿದರು. ಕೊನೆಗೆ ಪೇಟೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. "ಮೇಲಕ್ಕೆ ಎತ್ತಿ ಕಟ್ಟಿದ್ದೇವೆ, ಇನ್ನು ಚಿಂತೆ ಇಲ್ಲ" ಎಂದು ಹೇಳಿ ಮನೆಗೆ ಕಳಿಸಿದರು.

ಒಂದು ವರ್ಷ ಆರಾಮಾಗಿದ್ದರು. ಆಮೇಲೆ ಹಳದಿ ನೀರು ಹೋಗುವುದು, ವಾಸನೆ, ಮಧ್ಯೆ ಮಧ್ಯೆ ರಕ್ತದ ಕಲೆ ಶುರುವಾಯಿತು. ಊರಿನ ಡಾಕ್ಟರು ಐದು ದಿನದ ಮಾತ್ರೆ ಕೊಟ್ಟರು, ಕಡಿಮೆಯಾಯಿತು. ತಿಂಗಳು ಬಿಟ್ಟು ಮತ್ತೆ ಬಂತು. ಮೆಡಿಕಲ್ ಶಾಪಿನವರು ಅದೇ ಚೀಟಿ ನೋಡಿ ಅದೇ ಮಾತ್ರೆ ಕೊಟ್ಟರು. ಹೀಗೆ ಎಷ್ಟು ಸಲ ಆಯಿತೋ ದೊಡ್ಡವ್ವನಿಗೇ ಲೆಕ್ಕವಿಲ್ಲ. ಅಣ್ಣನ ಮಗಳ ಮದುವೆಯಲ್ಲಿ ಅವರು ಊಟದ ಪಂಕ್ತಿಗೆ ಬರಲಿಲ್ಲ, ಹಿತ್ತಲ ಬಾಗಿಲ ಹತ್ತಿರ ಒಬ್ಬರೇ ಕೂತಿದ್ದರು. ಯಾಕೆ ಎಂದು ಕೇಳಿದ್ದಕ್ಕೆ ಅವರು ಹೇಳಿದ್ದು ಒಂದೇ ಮಾತು: "ನನ್ನ ಮಗ್ಗಲಾಗ ಯಾರು ಕುಂಡ್ರತಾರವ್ವಾ?"

ಅವತ್ತೇ ಅವರನ್ನು ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಕರೆದುಕೊಂಡು ಹೋಗುವ ನಿರ್ಧಾರವಾಯಿತು. ಅಲ್ಲಿನ ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆ, "ಆಪರೇಷನ್‌ನಲ್ಲಿ ಮೆಶ್ ಹಾಕಿದ್ದಾರಾ?" ದೊಡ್ಡವ್ವ ಮಗನ ಮುಖ ನೋಡಿದರು. ಮಗ ನೆಲ ನೋಡಿದ. ಮೆಶ್ ಎಂದರೇನು ಎಂದೇ ಇಬ್ಬರಿಗೂ ಗೊತ್ತಿರಲಿಲ್ಲ.

ಮರುದಿನ ಟ್ರಂಕಿನಲ್ಲಿ ಹಳೆಯ ಸೀರೆಗಳ ಕೆಳಗೆ ಒಂದು ಪ್ಲಾಸ್ಟಿಕ್ ಕವರು ಸಿಕ್ಕಿತು. ಒಳಗೆ ಬಿಲ್ಲು, ಎಕ್ಸರೇ, ಡಿಸ್ಚಾರ್ಜ್ ಕಾರ್ಡು. ಕಾರ್ಡಿನ ಹಿಂಬದಿಗೆ ಬೆರಳಗಲದ ಒಂದು ಸ್ಟಿಕ್ಕರ್ ಅಂಟಿಸಿದ್ದರು. ಅದರಲ್ಲಿ ಜಾಲರಿಯ ಹೆಸರು, ಅಳತೆ, ಲಾಟ್ ನಂಬರ್ ಎಲ್ಲ ಇತ್ತು. ಅದನ್ನು ಅಂಟಿಸಿದವರು ತಮ್ಮ ಕೆಲಸ ಮಾಡಿದ್ದರು. ಅದು ಏನೆಂದು ದೊಡ್ಡವ್ವನಿಗೆ ಹೇಳುವ ಕೆಲಸವನ್ನು ಮಾತ್ರ ಯಾರೂ ಮಾಡಿರಲಿಲ್ಲ.

ಈ ಬರಹದಲ್ಲಿ ನಾವು ಹೇಳಬೇಕೆಂದಿರುವುದು ಇದನ್ನೇ. ಜಾಲರಿ ಹಾಕಿದ ಆಪರೇಷನ್ ಆದ ಮೇಲೆ ನಂಜಾದರೆ ಅದಕ್ಕೆ ಚಿಕಿತ್ಸೆ ಇದೆ. ಆದರೆ ಆ ಚಿಕಿತ್ಸೆ ಮಾತ್ರೆಯಿಂದ ಶುರುವಾಗುವುದಿಲ್ಲ, ಮಾಹಿತಿಯಿಂದ ಶುರುವಾಗುತ್ತದೆ. ತನ್ನ ಮೈಯೊಳಗೆ ಏನಿದೆ ಎಂದು ತಿಳಿಯುವುದು ಹೆಣ್ಣುಮಕ್ಕಳ ಹಕ್ಕು.

ಜಾರುವುದು ಯಾಕೆ, ಜಾಲರಿ ಯಾಕೆ?

ಹೊಟ್ಟೆಯ ಕೆಳಭಾಗದಲ್ಲಿ ಗರ್ಭಕೋಶ, ಮೂತ್ರಚೀಲ, ಮಲದ ಕರುಳು ಒಂದರ ಪಕ್ಕ ಒಂದು ಇರುತ್ತವೆ. ಅವನ್ನು ಸ್ನಾಯು ಮತ್ತು ನಾರುಗಳು ತೊಟ್ಟಿಲಿನ ಹಾಗೆ ಹಿಡಿದಿರುತ್ತವೆ. ಹೆರಿಗೆ, ವಯಸ್ಸು, ಭಾರ ಹೊರುವುದು, ವರ್ಷಗಟ್ಟಲೆ ಕೆಮ್ಮು, ಮಲಬದ್ಧತೆ ಇವೆಲ್ಲ ಆ ಹಿಡಿತವನ್ನು ಸಡಿಲ ಮಾಡುತ್ತವೆ. ಆಗ ಒಳಗಿನದು ಯೋನಿಯ ಮೂಲಕ ಕೆಳಗೆ ಜಾರುತ್ತದೆ. ಗರ್ಭಕೋಶ ತೆಗೆದವರಲ್ಲಿಯೂ ಯೋನಿಯ ಮೇಲ್ತುದಿಯೇ ಕುಸಿದು ಕೆಳಗೆ ಬರಬಹುದು. ದೊಡ್ಡವ್ವನಿಗೆ ಆಗಿದ್ದು ಅದೇ.

ಇಲ್ಲಿ ಒಂದು ಮಾತು ಹೇಳಲೇಬೇಕು. ಕಲಬುರಗಿಯ ತಾಂಡಾಗಳಲ್ಲಿ, ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ ಅಗತ್ಯವಿಲ್ಲದಿದ್ದರೂ ಗರ್ಭಕೋಶ ತೆಗೆದರು ಎಂಬ ದೂರುಗಳು ದೊಡ್ಡ ಸುದ್ದಿಯಾಗಿದ್ದವು. ಇಂಥ ಆಪರೇಷನ್‌ಗಳನ್ನು ತಡೆಯುವ ಮಾರ್ಗಸೂಚಿಯನ್ನು ಜಾರಿಗೆ ತನ್ನಿ ಎಂದು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೆ ಹೇಳಿತು. ಬೇಡದ ಒಂದು ಆಪರೇಷನ್ ಇಪ್ಪತ್ತು ವರ್ಷದ ಮೇಲೆ ಇನ್ನೊಂದು ಆಪರೇಷನ್‌ಗೆ ದಾರಿ ಮಾಡಬಹುದು ಎಂಬುದನ್ನು ನಾವು ಮರೆಯಬಾರದು.

ಜಾರಿದ್ದನ್ನು ಮೇಲೆತ್ತಿ ನಿಲ್ಲಿಸಲು ಹಲವು ವಿಧಾನಗಳಿವೆ. ಕೆಲವರಿಗೆ ಅವರ ಮೈಯ ನಾರುಗಳನ್ನೇ ಸೇರಿಸಿ ಹೊಲಿಯುತ್ತಾರೆ. ಕೆಲವರಿಗೆ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ನೂಲಿನ ಜಾಲರಿ ಹಾಕುತ್ತಾರೆ. ಹರ್ನಿಯಾಕ್ಕೆ ಹಾಕುವ ಜಾಲರಿ ಗೊತ್ತಲ್ಲ, ಅದೇ ಜಾತಿಯದು. ಇದನ್ನು ಯೋನಿಮಾರ್ಗದಿಂದ ಒಳಗೆ ಹಾಕುವುದು ಒಂದು ದಾರಿ. ಹೊಟ್ಟೆಯ ಕಡೆಯಿಂದ ಹೋಗಿ ಬೆನ್ನಿನ ಕೆಳಗಿನ ಮೂಳೆಗೆ ಜೋಡಿಸುವುದು ಇನ್ನೊಂದು ದಾರಿ. ಇನ್ನೂ ಮಕ್ಕಳು ಬೇಕೆನ್ನುವ ಹೆಂಗಸರಿಗೆ ಗರ್ಭಕೋಶ ಉಳಿಸಿಕೊಂಡೇ ಮೇಲೆ ಕಟ್ಟುವ ವಿಧಾನಗಳನ್ನು ಮುಂಬಯಿಯ ಡಾ. ಶಿರೋಡ್ಕರ್, ಡಾ. ಪುರಂದರೆ ಅವರಂಥ ನಮ್ಮ ದೇಶದ ವೈದ್ಯರೇ ರೂಪಿಸಿದರು. ಅವುಗಳಲ್ಲಿ ಮರ್ಸಿಲೀನ್ ಎಂಬ ಪಾಲಿಯೆಸ್ಟರ್ ಟೇಪ್ ಬಳಸುವುದುಂಟು. ಅದೂ ಮೈಗೆ ಹೊರಗಿನ ವಸ್ತುವೇ.

ನಂಜು ಜಾಲರಿಯಲ್ಲಿ ಹೇಗೆ ಕೂರುತ್ತದೆ?

ಆರೋಗ್ಯವಾಗಿರುವ ಯೋನಿಯಲ್ಲಿಯೂ ಸೂಕ್ಷ್ಮಜೀವಿಗಳು ಇದ್ದೇ ಇರುತ್ತವೆ. ಅದು ಕೊಳಕಲ್ಲ, ಮೈಯ ಸ್ವಭಾವ. ಆದರೆ ಅಂಥ ಜಾಗದ ಹತ್ತಿರ ಹೊರಗಿನ ವಸ್ತು ಇಟ್ಟಾಗ ಕೆಲವು ಜೀವಿಗಳು ಅದರ ಮೇಲೆ ಹೋಗಿ ಕೂರಬಹುದು. ಆದ್ದರಿಂದಲೇ ಆಪರೇಷನ್‌ಗೆ ಕತ್ತರಿಸುವ ಮುಂಚೆ, ಒಂದು ಗಂಟೆಯ ಒಳಗೆ, ಆ್ಯಂಟಿಬಯೋಟಿಕ್ ಇಂಜೆಕ್ಷನ್ ಕೊಡುವ ಕ್ರಮವಿದೆ.

ಜಾಲರಿಯ ಮೇಲೆ ಕೂತ ಜೀವಿಗಳು ತಮ್ಮ ಸುತ್ತ ಒಂದು ಲೋಳೆಯ ಪದರ ಕಟ್ಟಿಕೊಳ್ಳುತ್ತವೆ. ನಿಮ್ಮ ಮನೆಯ ನೀರಿನ ತೊಟ್ಟಿಯ ಗೋಡೆಗೆ ಕಟ್ಟುವ ಪಾಚಿಯನ್ನು ನೆನಪು ಮಾಡಿಕೊಳ್ಳಿ. ನೀರಿಗೆ ಬ್ಲೀಚಿಂಗ್ ಪುಡಿ ಹಾಕಿದರೆ ನೀರು ತಿಳಿಯಾಗಿ ಕಾಣುತ್ತದೆ. ಗೋಡೆಯ ಪಾಚಿ ಮಾತ್ರ ಹಾಗೇ ಉಳಿದು ವಾರದಲ್ಲಿ ಮತ್ತೆ ಬೆಳೆಯುತ್ತದೆ. ಮಾತ್ರೆ ನುಂಗಿದಾಗ ದೊಡ್ಡವ್ವನಿಗೆ ಕಡಿಮೆಯಾಗಿ, ತಿಂಗಳಿಗೆ ಮತ್ತೆ ಬರುತ್ತಿದ್ದುದು ಇದೇ ಕಾರಣಕ್ಕೆ. ಮಾತ್ರೆ ರಕ್ತದಲ್ಲಿ ಓಡಾಡುತ್ತದೆ. ಪ್ಲಾಸ್ಟಿಕ್ ಜಾಲರಿಯಲ್ಲಿ ರಕ್ತ ಓಡಾಡುವುದಿಲ್ಲ.

ಜಾಲರಿಯ ನೇಯ್ಗೆಯೂ ಲೆಕ್ಕಕ್ಕೆ ಬರುತ್ತದೆ. ನಂಜಿನ ಜೀವಿ ಸುಮಾರು 1 ಮೈಕ್ರಾನ್ ಅಳತೆಯದು. ಅದನ್ನು ಕೊಲ್ಲುವ ನಮ್ಮ ಬಿಳಿ ರಕ್ತಕಣ ಸುಮಾರು 10 ಮೈಕ್ರಾನ್ ಅಥವಾ ಅದಕ್ಕಿಂತ ದೊಡ್ಡದು. ಹಲವು ಎಳೆ ಹೊಸೆದ ನೂಲಿನ ಸಂದಿಗಳಲ್ಲಿ ಜೀವಿ ನುಗ್ಗುತ್ತದೆ, ಬಿಳಿಕಣ ನುಗ್ಗಲಾರದು. ಇಲಿ ಹೋಗುವ ಬಿಲಕ್ಕೆ ಬೆಕ್ಕು ಹೋಗಲಾರದಲ್ಲ, ಹಾಗೆ. ಆದ್ದರಿಂದ ಈಗ ಒಂಟಿ ಎಳೆಯ, 75 ಮೈಕ್ರಾನ್‌ಗಿಂತ ದೊಡ್ಡ ಕಣ್ಣುಗಳ ಜಾಲರಿಯನ್ನೇ ಹೆಚ್ಚು ಬಳಸುತ್ತಾರೆ. ಒಳಗಿರುವುದು ಯಾವ ಜಾಲರಿ ಎಂದು ಗೊತ್ತಿದ್ದರೆ ಪೂರ್ತಿ ತೆಗೆಯಬೇಕೋ, ಸ್ವಲ್ಪ ಭಾಗ ತೆಗೆದರೆ ಸಾಕೋ ಎಂದು ನಿರ್ಧರಿಸಲು ಡಾಕ್ಟರಿಗೆ ಸುಲಭ. ಸ್ಟಿಕ್ಕರ್ ಬೇಕಾಗುವುದು ಇದಕ್ಕೇ.

ನಂಜು ಬೇರೆ, ಜಾಲರಿ ಚರ್ಮ ಸರಿಸಿ ಹೊರಗೆ ಕಾಣಿಸಿಕೊಳ್ಳುವುದು ಬೇರೆ. ಎರಡೂ ಒಟ್ಟಿಗೇ ಇರಬಹುದು, ಒಂದೇ ಇರಬಹುದು. ಯೋನಿಮಾರ್ಗದಿಂದ ಹಾಕಿದ ಜಾಲರಿ ನೂರರಲ್ಲಿ ಸುಮಾರು ಹತ್ತು ಮಂದಿಗೆ ಹೀಗೆ ಹೊರಗೆ ಕಾಣಿಸಿಕೊಂಡಿದೆ ಎಂದು ಅಧ್ಯಯನಗಳು ಹೇಳುತ್ತವೆ. ಹೊಟ್ಟೆಯ ಕಡೆಯಿಂದ ಹಾಕಿದ್ದು ಸುರಕ್ಷಿತ ಎಂಬ ಹೆಸರಿದೆ. ಆದರೆ ಅಮೆರಿಕದಲ್ಲಿ ಅಂಥ ಆಪರೇಷನ್ ಆದವರನ್ನು 7 ವರ್ಷದವರೆಗೆ ಹಿಂಬಾಲಿಸಿ ನೋಡಿದ, 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆ ಪ್ರಮಾಣ ಶೇ. 10.5ರ ಹತ್ತಿರ ಇತ್ತು. "ಆಪರೇಷನ್ ಆಗಿ ಎರಡು ವರ್ಷ ಆಯ್ತು, ಅದಕ್ಕೂ ಇದಕ್ಕೂ ಏನು ಸಂಬಂಧ?" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸಂಬಂಧ ಇರಬಹುದು.

ಯಾವ ಲಕ್ಷಣಕ್ಕೆ ಎಚ್ಚರವಾಗಬೇಕು?

ಆಪರೇಷನ್ ಆದ ಮೊದಲ ಕೆಲವು ವಾರ ಸ್ವಲ್ಪ ರಕ್ತದ ಕಲೆ, ತಿಳಿ ನೀರು ಹೋಗುವುದು ಸಹಜ. ಕೆಳಗಿನವು ಸಹಜವಲ್ಲ:

– 100.4 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು ಜ್ವರ, ಚಳಿ ನಡುಕ.
– ವಾಸನೆಯ, ಹಳದಿ ಅಥವಾ ಹಸಿರು ಬಣ್ಣದ ನೀರು, ಕೀವು.
– ದಿನದಿಂದ ದಿನಕ್ಕೆ ಹೆಚ್ಚಾಗುವ ಕಿಬ್ಬೊಟ್ಟೆ ನೋವು, ತೊಡೆಸಂದಿ ಅಥವಾ ಕುಂಡೆಯ ನೋವು, ಅಲ್ಲಿ ಊತ, ಕೀವು ಸೋರುವ ತೂತು.
– ಉರಿಮೂತ್ರ ಪದೇ ಪದೇ ಬರುವುದು, ಮೂತ್ರದಲ್ಲಿ ರಕ್ತ.
– ತಿಂಗಳುಗಳ ಮೇಲೆ ಹೊಸದಾಗಿ ರಕ್ತದ ಕಲೆ, ಕೈಗೆ ಗರಗಸದಂತೆ ಒರಟಾಗಿ ತಾಗುವುದು, ಗಂಡನಿಗೆ ಚುಚ್ಚಿದ ಅನುಭವ.
– ಹೊಟ್ಟೆಯ ಕಡೆಯಿಂದ ಜಾಲರಿ ಹಾಕಿದವರಿಗೆ ಜ್ವರದೊಂದಿಗೆ ಬೆನ್ನಿನ ಕೆಳಭಾಗದಲ್ಲಿ ಬಿಡದ ನೋವು. ಇದು ಅಪರೂಪ. ಆದರೆ ನಂಜು ಬೆನ್ನುಮೂಳೆಗೆ ತಾಗಿರುವ ಸೂಚನೆ ಇರಬಹುದು. ಇದನ್ನು ವಾತ ಎಂದುಕೊಂಡು ಎಣ್ಣೆ ಹಚ್ಚುತ್ತಾ ಕೂರಬಾರದು.

ಜ್ವರ, ನಡುಕದ ಜತೆ ತಲೆ ತಿರುಗುವುದು, ಮಂಕು ಕವಿಯುವುದು, ಮೂತ್ರ ಕಟ್ಟುವುದು ಕಂಡರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಫೋನ್ ಮಾಡಿ.

ಸರಿಯಾದ ಚಿಕಿತ್ಸೆ ಹೇಗಿರುತ್ತದೆ?

ನಾವು ಡಾಕ್ಟರುಗಳಲ್ಲ. ದೊಡ್ಡವ್ವನ ಜತೆ ಓಡಾಡುವಾಗ ಡಾಕ್ಟರಮ್ಮ ವಿವರಿಸಿದ್ದನ್ನು, ಆಮೇಲೆ ನಾವು ಓದಿ ತಿಳಿದುಕೊಂಡದ್ದನ್ನು ಸೇರಿಸಿ ಹೇಳುತ್ತಿದ್ದೇವೆ. ನಿಮಗೆ ಸಿಗುತ್ತಿರುವ ಚಿಕಿತ್ಸೆ ಸರಿದಾರಿಯಲ್ಲಿದೆಯೇ ಎಂದು ಕೇಳಿ ತಿಳಿಯಲು ಇದು ನೆರವಾಗಲಿ.

ಮೊದಲು ಒಳಪರೀಕ್ಷೆ. ಒಳಗೆ ನೋಡದೆ ಬರೀ ಮಾತ್ರೆ ಬರೆದರೆ "ಒಮ್ಮೆ ಪರೀಕ್ಷೆ ಮಾಡಿ ನೋಡ್ರಿ ಮೇಡಂ" ಎಂದು ನೀವೇ ಕೇಳಿ. ಜಾಲರಿ ಹೊರಗೆ ಬಂದಿದೆಯೇ ಎಂದು ಕಣ್ಣಿನಿಂದ ನೋಡಿ, ಕೈಯಿಂದ ಮುಟ್ಟಿಯೇ ತಿಳಿಯಬೇಕು.

ಎರಡನೆಯದು, ಕೀವು ಇದ್ದರೆ ಸಾಧ್ಯವಾದಷ್ಟೂ ಆ್ಯಂಟಿಬಯೋಟಿಕ್ ಶುರು ಮಾಡುವ ಮುಂಚೆಯೇ ಅದನ್ನು ಕಲ್ಚರ್ ಪರೀಕ್ಷೆಗೆ ಕಳಿಸುವುದು. ಯಾವ ಜೀವಿ, ಅದಕ್ಕೆ ಯಾವ ಔಷಧಿ ನಾಟುತ್ತದೆ ಎಂದು ಅದರಿಂದ ತಿಳಿಯುತ್ತದೆ. ಬೇಕಾಬಿಟ್ಟಿ ಮಾತ್ರೆ ನುಂಗಿ ಬಂದವರಲ್ಲಿ ಪರೀಕ್ಷೆಯಲ್ಲಿ ಏನೂ ಸಿಗದೇ ಹೋಗಬಹುದು, ಅಥವಾ ಯಾವ ಔಷಧಿಗೂ ಬಗ್ಗದ ಜೀವಿ ಸಿಗಬಹುದು. ಜ್ವರ ಜೋರಾಗಿದ್ದರೆ ಮಾತ್ರ ವರದಿಗೆ ಕಾಯದೆ ಔಷಧಿ ಕೊಡುತ್ತಾರೆ. ವರದಿ ಬಂದ ಮೇಲೆ ಬದಲಿಸುತ್ತಾರೆ.

ಮೂರನೆಯದು ಸ್ಕ್ಯಾನ್. ಒಳಗೆ ಕೀವುಗಡ್ಡೆ ಇದೆಯೇ, ನಂಜು ಮೂಳೆಯವರೆಗೆ ಹೋಗಿದೆಯೇ ಎಂದು ಸಿ.ಟಿ. ಅಥವಾ ಎಂ.ಆರ್.ಐ.ಯಲ್ಲಿ ಗೊತ್ತಾಗುತ್ತದೆ. ಉರಿಮೂತ್ರ ಮರುಕಳಿಸುತ್ತಿದ್ದರೆ ಮೂತ್ರಚೀಲದೊಳಗೆ ಸಣ್ಣ ಕ್ಯಾಮೆರಾ ಹಾಕಿ ನೋಡುತ್ತಾರೆ. ಜಾಲರಿಯ ತುದಿ ಅಲ್ಲಿಗೆ ಹೊಕ್ಕಿರಬಹುದು.

ಆಮೇಲೆ ಚಿಕಿತ್ಸೆ. ನಂಜಿಲ್ಲದೆ ಜಾಲರಿ ಸ್ವಲ್ಪವೇ ಕಾಣುತ್ತಿದ್ದರೆ ಈಸ್ಟ್ರೋಜನ್ ಕ್ರೀಮು ಕೊಟ್ಟು ಕಾದು ನೋಡುತ್ತಾರೆ, ಅಥವಾ ಹೊರಬಂದ ತುದಿಯನ್ನು ಕತ್ತರಿಸಿ ಹೊಲಿಯುತ್ತಾರೆ. ಕೀವುಗಡ್ಡೆ ಇದ್ದರೆ ಕೀವು ತೆಗೆಯಲೇಬೇಕು. ನಂಜು ಜಾಲರಿಯಲ್ಲೇ ಕೂತಿದ್ದರೆ ಆ ಭಾಗವನ್ನು, ಕೆಲವೊಮ್ಮೆ ಇಡೀ ಜಾಲರಿಯನ್ನು ತೆಗೆಯಬೇಕಾಗುತ್ತದೆ. ಮೂಳೆಗೆ ತಾಗಿದ್ದರೆ ವಾರಗಟ್ಟಲೆ ಇಂಜೆಕ್ಷನ್ ಬೇಕು.

ಜಾಲರಿ ತೆಗೆಯುವುದು ಹಾಕುವುದಕ್ಕಿಂತ ಕಷ್ಟದ ಕೆಲಸ. ಮೈಯ ಮಾಂಸ ಅದರ ಕಣ್ಣುಗಳೊಳಗೆ ಬೆಳೆದಿರುತ್ತದೆ. ಬೇಲಿಯ ತಂತಿಯನ್ನು ಮರ ನುಂಗಿಕೊಂಡ ಹಾಗೆ. ಪಕ್ಕದಲ್ಲೇ ಮೂತ್ರಚೀಲ, ಕರುಳು. ಆದ್ದರಿಂದ ಅದನ್ನು ಎಲ್ಲೆಂದರಲ್ಲಿ ಮಾಡಿಸಬೇಡಿ. ಇಂಥ ಕೆಲಸ ಮಾಡಿ ಅನುಭವ ಇರುವ ಸ್ತ್ರೀರೋಗ ಮತ್ತು ಮೂತ್ರರೋಗ ತಜ್ಞರು ಇಬ್ಬರೂ ಇರುವ ದೊಡ್ಡ ಆಸ್ಪತ್ರೆಗೆ ಕಳಿಸಿಕೊಡಿ ಎಂದು ಕೇಳಿ. ತೆಗೆದ ಮೇಲೆ ಹಳೆಯ ತೊಂದರೆ ಸ್ವಲ್ಪ ಮರಳಬಹುದು, ನೋವು ಪೂರ್ತಿ ಹೋಗದೆಯೂ ಇರಬಹುದು ಎಂಬುದನ್ನೂ ಮೊದಲೇ ಕೇಳಿ ತಿಳಿದುಕೊಳ್ಳಿ.

ಮನೆಯಲ್ಲಿ ಮಾಡಬಾರದ್ದೂ ಇದೆ. ಕೈಗೆ ನೂಲು ಸಿಕ್ಕಿತೆಂದು ಎಳೆಯಬೇಡಿ, ಕತ್ತರಿಸಬೇಡಿ. ಡೆಟಾಲ್ ನೀರು, ಬೇವಿನ ಕಷಾಯ, ಅರಿಶಿನ ಯಾವುದನ್ನೂ ಒಳಗೆ ಹಾಕಬೇಡಿ. ಹೊರಗಿನಿಂದ ಬರೀ ನೀರಲ್ಲಿ ತೊಳೆದರೆ ಸಾಕು. ಸಕ್ಕರೆ ಕಾಯಿಲೆ ಇದ್ದರೆ ಅದನ್ನು ಹಿಡಿತದಲ್ಲಿಡದೆ ಯಾವ ಗಾಯವೂ ಸರಿಯಾಗಿ ಮಾಯುವುದಿಲ್ಲ. ಬೀಡಿ, ಕಡ್ಡಿಪುಡಿ, ತಂಬಾಕು ಬಿಡಬೇಕು. ಆಪರೇಷನ್ ಆದ ಮೇಲೆ ಕಡಿಮೆಯೆಂದರೂ ಆರು ವಾರ ಕೊಡ, ಹೊರೆ ಎತ್ತಬಾರದು. ಡಾಕ್ಟರು ನೋಡಿ ಸರಿ ಎನ್ನುವವರೆಗೆ ಗಂಡ ಹೆಂಡತಿ ದೂರ ಇರಬೇಕು. ಇದನ್ನು ಆಕೆಯೊಬ್ಬಳೇ ಪಾಲಿಸಲು ಆಗುವುದಿಲ್ಲ. ಮನೆಯವರೆಲ್ಲ ಸೇರಿ ಪಾಲಿಸಬೇಕು. ಆ ಆರು ವಾರ ನೀರು ತರುವವರು ಯಾರು ಎಂದು ಆಪರೇಷನ್‌ಗೆ ಮೊದಲೇ ಮನೆಯಲ್ಲಿ ತೀರ್ಮಾನವಾಗಬೇಕು.

ಬೇರೆ ದೇಶಗಳಲ್ಲಿ ಏನಾಯಿತು?

ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎಗೆ ಮೂರು ವರ್ಷದಲ್ಲಿ ಈ ಜಾಲರಿಗಳ ಬಗ್ಗೆ ಸಾವಿರಕ್ಕೂ ಹೆಚ್ಚು ದೂರು ಬಂದವು. 2008ರಲ್ಲಿ ಅದು ಮೊದಲ ಎಚ್ಚರಿಕೆ ಕೊಟ್ಟಿತು. 2011ರಲ್ಲಿ, ಗಂಭೀರ ತೊಂದರೆಗಳು ಅಪರೂಪವೇನಲ್ಲ ಎಂದು ಒಪ್ಪಿಕೊಂಡಿತು. 2019ರ ಏಪ್ರಿಲ್‌ನಲ್ಲಿ, ಜಾರಿದ್ದನ್ನು ಸರಿಪಡಿಸಲು ಯೋನಿಮಾರ್ಗದಿಂದ ಹಾಕುವ ಜಾಲರಿಯ ಮಾರಾಟವನ್ನೇ ನಿಲ್ಲಿಸಲು ಕಂಪನಿಗಳಿಗೆ ಆದೇಶಿಸಿತು. ಆಸ್ಟ್ರೇಲಿಯಾ 2017ರ ನವೆಂಬರ್‌ನಲ್ಲೇ ಇಂಥ ಜಾಲರಿಗಳನ್ನು ಅನುಮತಿ ಪಟ್ಟಿಯಿಂದ ತೆಗೆಯುವ ನಿರ್ಧಾರ ಮಾಡಿತ್ತು. ಇಂಗ್ಲೆಂಡ್ 2018ರ ಜುಲೈನಲ್ಲಿ ಬಳಕೆಗೆ ತಡೆ ಹಾಕಿತು.

ಇಂಗ್ಲೆಂಡಿನಲ್ಲಿ ಬ್ಯಾರನೆಸ್ ಜೂಲಿಯಾ ಕಂಬರ್ಲೆಜ್ ನೇತೃತ್ವದ ತನಿಖೆ 2020ರ ಜುಲೈನಲ್ಲಿ ವರದಿ ಕೊಟ್ಟಿತು. ಹೆಂಗಸರು ನೋವು ಎಂದು ಹೇಳಿದಾಗ ವ್ಯವಸ್ಥೆ ಕಿವಿಗೊಡಲಿಲ್ಲ ಎಂಬುದು ಅದರ ಸಾರ. ಯಾರಿಗೆ ಯಾವ ಜಾಲರಿ ಹಾಕಲಾಗಿದೆ ಎಂದು ಬರೆದಿಡುವ ದಾಖಲೆ ಬೇಕು ಎಂದೂ ಅದು ಹೇಳಿತು. ಸ್ಕಾಟ್ಲೆಂಡ್ 2022ರಲ್ಲಿ ಒಂದು ಕಾನೂನನ್ನೇ ತಂದಿತು: ಜಾಲರಿ ತೆಗೆಸಲು ಸ್ವಂತ ದುಡ್ಡು ಖರ್ಚು ಮಾಡಿದ ಹೆಂಗಸರಿಗೆ ಸರ್ಕಾರ ಆ ದುಡ್ಡು ವಾಪಸ್ ಕೊಡುತ್ತದೆ.

ಆ ದೇಶಗಳಲ್ಲಿಯೂ ಬದಲಾವಣೆ ಡಾಕ್ಟರುಗಳಿಂದ, ಮಂತ್ರಿಗಳಿಂದ ಶುರುವಾಗಲಿಲ್ಲ. ಹೆಂಗಸರು ಒಬ್ಬರನ್ನೊಬ್ಬರು ಹುಡುಕಿಕೊಂಡು, "ನಿನಗೂ ಹೀಗಾ?" ಎಂದು ಕೇಳಿಕೊಂಡು, ಗುಂಪಾಗಿ ಹೋಗಿ ಕೇಳಿದ ಮೇಲೆ ಶುರುವಾಯಿತು. ನಮ್ಮ ಹಳ್ಳಿಗಳಲ್ಲಿ ಸ್ವಸಹಾಯ ಸಂಘದ ಸಭೆ ವಾರಕ್ಕೊಮ್ಮೆ ಸೇರುತ್ತದೆ. ಅಲ್ಲಿ ಸಾಲದ ಲೆಕ್ಕದ ಜತೆ ಈ ಮಾತೂ ಬರಲಿ.

ನಮ್ಮನ್ನು ತಪ್ಪು ತಿಳಿಯಬೇಡಿ

ಹೀಗೆಲ್ಲ ಬರೆದರೆ ಹೆದರಿ ಹೆಂಗಸರು ಆಸ್ಪತ್ರೆಗೇ ಬರುವುದಿಲ್ಲ ಎಂದು ನಮಗೆ ಗೊತ್ತಿರುವ ಒಬ್ಬ ಡಾಕ್ಟರು ಹೇಳಿದರು. ಅವರ ಆತಂಕ ಸುಳ್ಳಲ್ಲ. ಬಟ್ಟೆ ಕಟ್ಟಿಕೊಂಡು ವರ್ಷಗಟ್ಟಲೆ ನರಳುವುದಕ್ಕಿಂತ ಆಪರೇಷನ್ ಎಷ್ಟೋ ಮೇಲು. ಹೊಟ್ಟೆಯ ಕಡೆಯಿಂದ ಜಾಲರಿ ಹಾಕುವ ವಿಧಾನ ಇವತ್ತಿಗೂ ಜಗತ್ತಿನ ಎಲ್ಲೆಡೆ ಬಳಕೆಯಲ್ಲಿದೆ, ಬಹಳ ಮಂದಿ ಅದರಿಂದ ಆರಾಮಾಗಿದ್ದಾರೆ. ಜಾಲರಿ ಬೇಡವೇ ಬೇಡ ಎಂದು ನಾವು ಹೇಳುತ್ತಿಲ್ಲ.

ಆದರೆ ಹೆದರುತ್ತಾರೆಂದು ವಿಷಯ ಮುಚ್ಚಿಡುವುದು ಪರಿಹಾರವಲ್ಲ. ಹೇಳದೆ ಹಾಕಿದ ಜಾಲರಿಯಿಂದ ತೊಂದರೆಯಾದರೆ ಆಕೆ ಮಾತ್ರ ಅಲ್ಲ, ಇಡೀ ಓಣಿಯೇ ಆಸ್ಪತ್ರೆಗೆ ಹೆದರುತ್ತದೆ. ಹೇಳಿ ಹಾಕಿದ್ದರೆ ಆಕೆ ಮೊದಲ ವಾರದಲ್ಲೇ ವಾಪಸ್ ಬರುತ್ತಾಳೆ.

ಆಪರೇಷನ್ ಒಂದೇ ದಾರಿಯೂ ಅಲ್ಲ. ಶುರುವಿನಲ್ಲಿ ಸ್ನಾಯು ಬಿಗಿಮಾಡುವ ವ್ಯಾಯಾಮದಿಂದ ಹಿಡಿತ ಬರುತ್ತದೆ. ಪೆಸರಿ ಎಂಬ ಸಿಲಿಕಾನ್ ರಿಂಗ್ ಒಳಗಿಟ್ಟರೆ ಜಾರಿದ್ದು ಮೇಲೆ ನಿಲ್ಲುತ್ತದೆ, ಆಗಾಗ ತೊಳೆದು ಹಾಕಬೇಕು, ಅಷ್ಟೇ. ಇದನ್ನು ಮೊದಲು ಯಾಕೆ ಪ್ರಯತ್ನಿಸಬಾರದು ಎಂದು ಕೇಳುವ ಹಕ್ಕು ನಿಮಗಿದೆ.

ಆಪರೇಷನ್‌ಗೆ ಒಪ್ಪುವ ಮೊದಲು ಈ ಪ್ರಶ್ನೆ ಕೇಳಿ: ಜಾಲರಿ ಅಥವಾ ಟೇಪ್ ಹಾಕುತ್ತೀರಾ? ಯಾವ ದಾರಿಯಿಂದ? ಹಾಕದೆ ಮಾಡಲು ಆಗುವುದಿಲ್ಲವೇ? ತೊಂದರೆಯಾದರೆ ತೆಗೆಯುವವರು ಯಾರು? ಈ ನಾಲ್ಕಕ್ಕೆ ಉತ್ತರ ಸಿಗದೆ ಸಹಿ ಹಾಕಬೇಡಿ. ಸಹಿ ಹಾಕಬೇಕಾದವರು ಮೊದಲು ಆಕೆ, ಆಮೇಲೆ ಗಂಡ ಅಥವಾ ಮಗ.

ನಾವು ಕೇಳುವುದು ಇಷ್ಟು

ಆಸ್ಪತ್ರೆಯವರಿಗೆ: ಮೈಯೊಳಗೆ ಏನು ಇಟ್ಟಿರಿ ಎಂದು ಕನ್ನಡದಲ್ಲಿ ಬರೆದ ಒಂದು ಚೀಟಿ ಕೊಡಿ. ಮನೆಗೆ ಕಳಿಸುವಾಗ ಅದನ್ನು ಆಕೆಗೆ ಓದಿ ಹೇಳಿ. ಐದು ನಿಮಿಷದ ಕೆಲಸ.

ಆಶಾ ಕಾರ್ಯಕರ್ತೆಯರಿಗೆ: ಬಾಣಂತಿಯರ ಪಟ್ಟಿ ಇಟ್ಟ ಹಾಗೆ ನಿಮ್ಮ ಓಣಿಯಲ್ಲಿ ಇಂಥ ಆಪರೇಷನ್ ಆದವರ ಒಂದು ಪಟ್ಟಿ ಇಡಿ. ನಿಮಗೆ ಈಗಾಗಲೇ ಕೆಲಸ ಜಾಸ್ತಿ, ಗೌರವಧನ ಕಡಿಮೆ ಎಂದು ನಮಗೆ ಗೊತ್ತು. ಈ ಕೆಲಸಕ್ಕೂ ಸರ್ಕಾರ ದುಡ್ಡು ಕೊಡಬೇಕು ಎಂಬುದು ನಮ್ಮ ಒತ್ತಾಯ.

ಮೆಡಿಕಲ್ ಶಾಪಿನವರಿಗೆ: ಅದೇ ಆ್ಯಂಟಿಬಯೋಟಿಕ್‌ಗೆ ಒಬ್ಬರೇ ಎರಡನೇ ಸಲ ಬಂದರೆ "ಆಪರೇಷನ್ ಆಗಿತ್ತಾ ಅಕ್ಕಾ?" ಎಂದು ಕೇಳಿ. ಆಗಿದ್ದರೆ ಮಾತ್ರೆ ಬೇಡ, ಆಸ್ಪತ್ರೆಗೆ ಕಳಿಸಿ.

ಸರ್ಕಾರಕ್ಕೆ: ಹಾಕಿದ ಪ್ರತಿ ಜಾಲರಿಯ ದಾಖಲೆ ಇರಲಿ. ನಂಜಾದ ಜಾಲರಿ ತೆಗೆಯುವ ವ್ಯವಸ್ಥೆ ವಿಭಾಗಕ್ಕೆ ಒಂದಾದರೂ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಇರಲಿ.

ಓದುಗರಿಗೆ: ವೈದ್ಯಕೀಯ ಉಪಕರಣಗಳಿಂದ ಆದ ತೊಂದರೆಯನ್ನು ದಾಖಲಿಸಲು 2015ರಿಂದ ಮೆಟೀರಿಯೊವಿಜಿಲೆನ್ಸ್ ಎಂಬ ಕೇಂದ್ರ ಸರ್ಕಾರದ ಕಾರ್ಯಕ್ರಮ ಇದೆ. ಗಾಜಿಯಾಬಾದ್‌ನ ಇಂಡಿಯನ್ ಫಾರ್ಮಾಕೊಪಿಯಾ ಕಮಿಷನ್ ಅದನ್ನು ನೋಡಿಕೊಳ್ಳುತ್ತದೆ. ಅವರ ಉಚಿತ ಸಹಾಯವಾಣಿ 1800-180-3024. ಒಬ್ಬರು ದೂರು ಕೊಟ್ಟರೆ ಅದು ಒಬ್ಬರ ಕಷ್ಟ. ನೂರು ಮಂದಿ ಕೊಟ್ಟರೆ ಅದು ಲೆಕ್ಕ. ಲೆಕ್ಕ ಇಲ್ಲದೆ ಯಾವ ಸರ್ಕಾರವೂ ಏಳುವುದಿಲ್ಲ.

ದೊಡ್ಡವ್ವನ ವಿಷಯಕ್ಕೆ ಬರೋಣ. ಸ್ಕ್ಯಾನ್‌ನಲ್ಲಿ ನಂಜು ಮೂಳೆಗೆ ತಾಗಿಲ್ಲ ಎಂದು ಗೊತ್ತಾಯಿತು. ಕಲ್ಚರ್ ವರದಿ ನೋಡಿ ಔಷಧಿ ಬದಲಿಸಿದರು. ಮೊದಲು ಶುಗರ್ ಹಿಡಿತಕ್ಕೆ ತಂದು, ಆಮೇಲೆ ಆಪರೇಷನ್ ಮಾಡಿ ಜಾಲರಿ ತೆಗೆದರು. ವಾಸನೆ ನಿಂತಿತು. ಆದರೆ ಜಾರುವುದು ಸ್ವಲ್ಪ ಮರಳಿದೆ, ಈಗ ರಿಂಗ್ ಹಾಕಿಕೊಂಡಿದ್ದಾರೆ. ಹುಲ್ಲಿನ ಹೊರೆ ಹೊರುವುದನ್ನು ಮಗ ಬಿಡಿಸಿದ್ದಾನೆ. ಕಳೆದ ಸೀಮಂತದಲ್ಲಿ ಪಂಕ್ತಿಯ ನಡುವೆ ಕೂತು ಹೋಳಿಗೆ ಉಂಡರು. ಕಳೆದುಹೋದ ಎರಡೂವರೆ ವರ್ಷದ ಬಗ್ಗೆ ಕೇಳಿದರೆ ಹೀಗೆ ಹೇಳುತ್ತಾರೆ: "ಮೊದಲ ಹೇಳಿದ್ರ ಮೊದಲ ಹೋಗತಿದ್ದೆ."

ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಮನೆಯ ಟ್ರಂಕಿನಲ್ಲಿ, ಬೀರುವಿನಲ್ಲಿ ಇರುವ ಆಪರೇಷನ್ ಕಾಗದಗಳನ್ನು ತೆಗೆಯಿರಿ. ಎಲ್ಲ ಹಾಳೆಗಳ ಎರಡೂ ಬದಿಯ ಫೋಟೊ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ, ಮಗಳ ಫೋನಿಗೂ ಕಳಿಸಿ. ಕಾಗದ ಕಳೆದಿದ್ದರೆ ಆಸ್ಪತ್ರೆಗೆ ಅರ್ಜಿ ಬರೆದು ಆಪರೇಷನ್ ನೋಟ್ಸ್ ಕೇಳಿ. 2002ರ ವೈದ್ಯಕೀಯ ಮಂಡಳಿ ನಿಯಮದ ಪ್ರಕಾರ, ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಆದರೆ ಅವರು ಅದನ್ನು ಇಟ್ಟುಕೊಳ್ಳಲೇಬೇಕಾದ ಅವಧಿ 3 ವರ್ಷ ಮಾತ್ರ. ಆದ್ದರಿಂದ ತಡ ಮಾಡಬೇಡಿ.

ಸ್ಟಿಕ್ಕರ್ ಸಿಕ್ಕರೆ ಅದನ್ನು ಅವ್ವನಿಗೆ ತೋರಿಸಿ, ಅದು ಏನು ಎಂದು ಹೇಳಿ.